ಊರಿಲ್ಲದ ಊರಿಗೆ ಇಬ್ಬರು ಸಂಸದರು

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಒಂದು ಚುನಾವಣೆಯ ದಿನ. ವಿಲ್ಟ್‌ಷೈರ್ ಕೌಂಟಿಯ ಸಾಲ್ಸ್‌ಬರಿ ಪಟ್ಟಣದಿಂದ ಉತ್ತರಕ್ಕೆ ಮೂರು ಕಿಲೋಮೀಟರ್ ಹೋದರೆ ಹುಲ್ಲು ಹೊದ್ದ ದೊಡ್ಡ ದಿಬ್ಬ, ಅದರ ಸುತ್ತ ಆಳವಾದ ಕಂದಕ. ದಿಬ್ಬದ ತಪ್ಪಲಿನ ಹೊಲದಲ್ಲೊಂದು ಎಲ್ಮ್ ಮರ. ಮರದಡಿಯಲ್ಲಿ ಆ ದಿನಕ್ಕೆಂದೇ ಹಾಕಿದ ಡೇರೆ. ಬೈಲಿಫ್ ಎಂಬ ಅಧಿಕಾರಿ ಚುನಾವಣೆಯ ಆಜ್ಞೆಯನ್ನು ಓದುತ್ತಾನೆ. ಎದುರಿಗಿರುವ ಬೆರಳೆಣಿಕೆಯ ಮಂದಿ ಇಬ್ಬರ ಹೆಸರು ಹೇಳುತ್ತಾರೆ. ಮೂರನೆಯ ಹೆಸರು ಬರುವುದಿಲ್ಲ. ಇಬ್ಬರೂ ಆಯ್ಕೆಯಾದರೆಂದು ಘೋಷಣೆಯಾಗುತ್ತದೆ, ಡೇರೆ ಬಿಚ್ಚುತ್ತಾರೆ, ಹೊಲ ಮತ್ತೆ ಹೊಲವಾಗುತ್ತದೆ.

ಆ ದಿಬ್ಬದ ಹೆಸರು ಓಲ್ಡ್ ಸೇರಂ. ಇತಿಹಾಸ ಓದಿದವರಿಗೆ 'ಕೊಳೆತ ಬರೋ' ಎಂಬ ಮಾತಿನ ಜೊತೆಗೆ ಈ ಹೆಸರೂ ಅಸ್ಪಷ್ಟವಾಗಿ ನೆನಪಿರಬಹುದು. ಬರೋ ಎಂದರೆ ಪಾರ್ಲಿಮೆಂಟಿಗೆ ಪ್ರತಿನಿಧಿಗಳನ್ನು ಕಳಿಸುವ ಹಕ್ಕು ಪಡೆದ ಪಟ್ಟಣ. ಓಲ್ಡ್ ಸೇರಂನಲ್ಲಿ ಪಟ್ಟಣವೇ ಇರಲಿಲ್ಲ, ಹಕ್ಕು ಮಾತ್ರ ಇತ್ತು. 1830ರ ಹೊತ್ತಿಗೆ ಹತ್ತಿ ಗಿರಣಿಗಳಿಂದ ಬೆಳೆದು ಲಕ್ಷ ಜನಸಂಖ್ಯೆ ದಾಟಿದ್ದ ಮ್ಯಾಂಚೆಸ್ಟರಿಗೆ ತನ್ನದೆನ್ನುವ ಒಬ್ಬ ಸಂಸದನೂ ಇರಲಿಲ್ಲ. ಇಂಥದ್ದೊಂದು ವ್ಯವಸ್ಥೆ 1832ರವರೆಗೆ ಬದುಕಿದ್ದು ಹೇಗೆ? ಅದರ ಕಥೆಯೊಳಗೆ ಕೃಷ್ಣಾ ತೀರದ ಒಂದು ವಜ್ರವೂ ಹೈದರಾಲಿಯ ಹೆಸರೂ ಬರುತ್ತವೆ.

ದಿಬ್ಬ ಬಿಟ್ಟು ಬಯಲಿಗೆ

ಓಲ್ಡ್ ಸೇರಂ ಸದಾ ಪಾಳು ಜಾಗವಾಗಿರಲಿಲ್ಲ. ಕ್ರಿಸ್ತಪೂರ್ವದ ಕಬ್ಬಿಣ ಯುಗದಲ್ಲೇ ಅಲ್ಲಿ ಕೋಟೆಯಿತ್ತು. 1066ರಲ್ಲಿ ಇಂಗ್ಲೆಂಡ್ ಗೆದ್ದ ನಾರ್ಮನ್ನರು ಹಳೆಯ ಮಣ್ಣಿನ ಗೋಡೆಗಳ ನಡುವೆ ತಮ್ಮ ಕೋಟೆ ಕಟ್ಟಿದರು. ಅದೇ ಆವರಣದಲ್ಲಿ ಬಿಷಪ್ಪರ ದೊಡ್ಡ ಇಗರ್ಜಿಯೂ ಎದ್ದಿತು. 1092ರಲ್ಲಿ ಅದರ ಪ್ರತಿಷ್ಠೆಯಾಯಿತು. 1086ರಲ್ಲಿ ದೊರೆ ವಿಲಿಯಂ ತನ್ನ ನಾಡಿನ ಪ್ರಮುಖ ಭೂಮಾಲೀಕರನ್ನೆಲ್ಲ ಕರೆಸಿ ನಿಷ್ಠೆಯ ಪ್ರಮಾಣ ಮಾಡಿಸಿಕೊಂಡದ್ದು ಇಲ್ಲಿಯೇ. ಸುತ್ತ ಮನೆಗಳು, ಬೀದಿಗಳು, ವ್ಯಾಪಾರ ಎಲ್ಲವೂ ಇದ್ದವು.

ಆದರೆ ದಿಬ್ಬದ ಮೇಲೆ ನೀರಿಗೆ ಬರ, ಗಾಳಿಯ ಹೊಡೆತ ಬೇರೆ. ಒಂದೇ ಆವರಣದಲ್ಲಿದ್ದ ಕೋಟೆಯ ಸೈನಿಕರಿಗೂ ಪಾದ್ರಿಗಳಿಗೂ ದಿನಬೆಳಗಾದರೆ ಜಗಳ. ಕೊನೆಗೆ ಬಿಷಪ್ ರಿಚರ್ಡ್ ಪೂರ್ ಏವನ್ ನದಿಯ ಪಕ್ಕದ ಬಯಲಿಗೆ ಇಳಿಯಲು ತೀರ್ಮಾನಿಸಿದ. 1220ರಲ್ಲಿ ಅಲ್ಲಿ ಹೊಸ ಇಗರ್ಜಿಗೆ ಅಡಿಗಲ್ಲು ಬಿತ್ತು. ಅದರ ಸುತ್ತ ಬೆಳೆದದ್ದೇ ಇಂದಿನ ಸಾಲ್ಸ್‌ಬರಿ. ಜನ ಒಬ್ಬೊಬ್ಬರಾಗಿ ಕೆಳಗಿಳಿದರು. ಹಳೆಯ ಇಗರ್ಜಿಯ ಕಲ್ಲುಗಳನ್ನು ಹೊಸ ಊರಿನ ಕೆಲಸಕ್ಕೆ ಬಳಸಲು 1331ರಲ್ಲಿ ಅನುಮತಿ ಸಿಕ್ಕಿತು. ಎಂಟನೆಯ ಹೆನ್ರಿಯ ಕಾಲಕ್ಕೆ ಕೋಟೆಯ ಕಲ್ಲೂ ಕಿತ್ತುಕೊಂಡು ಹೋಗಲು ಯೋಗ್ಯವಾದ ವಸ್ತುವಷ್ಟೇ ಆಗಿತ್ತು.

ಉಳಿದದ್ದು ಗಡಿ

ಓಲ್ಡ್ ಸೇರಂ ಪಾರ್ಲಿಮೆಂಟಿಗೆ ಪ್ರತಿನಿಧಿಗಳನ್ನು ಕಳಿಸಿದ ಮೊದಲ ದಾಖಲೆ 1295ರದ್ದು. ಅಷ್ಟರಲ್ಲಾಗಲೇ ಊರು ಇಳಿಮುಖವಾಗಿತ್ತು. ಹದಿನಾಲ್ಕನೆಯ ಶತಮಾನದ ನಡುವಿನಿಂದ ಮುಂದಕ್ಕೆ, ಅಂದರೆ ಊರು ಹೆಚ್ಚುಕಡಿಮೆ ಬರಿದಾದ ಮೇಲೆ, ಅದು ತಪ್ಪದೆ ಇಬ್ಬರನ್ನು ಕಳಿಸುತ್ತಾ ಬಂತು. ಕೆಳಗಿನ ಸಾಲ್ಸ್‌ಬರಿಗೂ ಪ್ರತ್ಯೇಕವಾಗಿ ಎರಡು ಸ್ಥಾನಗಳಿದ್ದವು.

ಇದನ್ನು ಅರ್ಥ ಮಾಡಿಕೊಳ್ಳಲು ಇಂದಿನ ನಮ್ಮ ತಿಳಿವಳಿಕೆಯನ್ನು ಸ್ವಲ್ಪ ಬದಿಗಿಡಬೇಕು. ಇಷ್ಟು ಜನರಿಗೆ ಇಷ್ಟು ಸ್ಥಾನ ಎಂಬ ಲೆಕ್ಕ ಮಧ್ಯಯುಗದ ಇಂಗ್ಲೆಂಡಿನಲ್ಲಿ ಇರಲೇ ಇಲ್ಲ. ದೊರೆಗೆ ತೆರಿಗೆಗೆ ಒಪ್ಪಿಗೆ ಬೇಕಿತ್ತು. ಅದಕ್ಕಾಗಿ ಕೌಂಟಿಗಳಿಂದಲೂ ಬರೋಗಳಿಂದಲೂ ತಲಾ ಇಬ್ಬರನ್ನು ಕರೆಸುತ್ತಿದ್ದ. ಒಮ್ಮೆ ಕರೆ ಹೋದ ಊರಿಗೆ ಅದು ರೂಢಿಯ ಹಕ್ಕಾಯಿತು. ಜನಗಣತಿ ಇರಲಿಲ್ಲ, ಮರುವಿಂಗಡಣೆ ಎಂಬ ಯೋಚನೆಯೂ ಇರಲಿಲ್ಲ. ಬರೋದ ಗಡಿ ಹಳೆಯ ಪಟ್ಟಣದ ಎಲ್ಲೆಯಲ್ಲೇ ನಿಂತಿತು. ಚುನಾವಣೆ ನಡೆಯುತ್ತಿದ್ದ ಆ ಎಲ್ಮ್ ಮರ ಕೂಡ ಹಳೆಯ ಊರಿನ ಎಲ್ಲೆಯ ಗುರುತೆಂದೇ ಹೆಸರಾಗಿತ್ತು. ಜನ ಅದನ್ನು ಪಾರ್ಲಿಮೆಂಟ್ ಮರ ಎನ್ನುತ್ತಿದ್ದರು.

ಟ್ಯೂಡರ್ ದೊರೆಗಳ ಕಾಲದಲ್ಲಿ ಹೊಸ ಬರೋಗಳೇನೋ ಸೇರಿದವು. 1670ರ ದಶಕದ ನಂತರ ಅದೂ ನಿಂತುಹೋಯಿತು. ನಕ್ಷೆ ಹೆಪ್ಪುಗಟ್ಟಿಯೇ ಉಳಿದ ಮುಂದಿನ ಕಾಲದಲ್ಲಿ ಇಂಗ್ಲೆಂಡಿನ ಜನ ಉತ್ತರದ ಗಿರಣಿ ಊರುಗಳ ಕಡೆಗೆ ಗುಳೆ ಹೊರಟರು. ಪರಿಣಾಮವನ್ನು ಅಂಕಿಗಳಲ್ಲೇ ನೋಡಬಹುದು. ವಿಲ್ಟ್‌ಷೈರ್ ಎಂಬ ಒಂದು ಕೌಂಟಿಯಲ್ಲೇ ಹದಿನಾರು ಬರೋಗಳು. ಕೌಂಟಿಯ ಇಬ್ಬರನ್ನೂ ಸೇರಿಸಿ 34 ಸಂಸದರು. ಮೀನುಗಾರರ, ಗಣಿಗಾರರ ನಾಡಾದ ಕಾರ್ನ್‌ವಾಲಿಗೆ 44. ಇಡೀ ಸ್ಕಾಟ್ಲೆಂಡಿಗೆ 45. ಪೂರ್ವ ಕರಾವಳಿಯ ಡನಿಚ್ ಎಂಬ ಬಂದರಿನ ಬಹುಪಾಲನ್ನು ಸಮುದ್ರವೇ ನುಂಗಿತ್ತು. ಅದರ ಎರಡು ಸ್ಥಾನಗಳನ್ನು ಮಾತ್ರ ಅಲೆಗಳಿಗೆ ಮುಟ್ಟಲಾಗಲಿಲ್ಲ.

ಮತ ಯಾರ ಕೈಯಲ್ಲಿ?

ಕೌಂಟಿ ಕ್ಷೇತ್ರಗಳಲ್ಲಿ ನಿಯಮ ಎಲ್ಲೆಡೆ ಒಂದೇ: ವರ್ಷಕ್ಕೆ 40 ಷಿಲಿಂಗ್ ಹುಟ್ಟುವಳಿಯ ಸ್ವಂತ ಜಮೀನಿರುವ ಗಂಡಸಿಗೆ ಮತ. 1430ರ ಈ ಕಾನೂನು ನಾಲ್ಕು ಶತಮಾನ ನಡೆಯಿತು. ಬರೋಗಳಲ್ಲಿ ಊರಿಗೊಂದು ಪದ್ಧತಿ. ಕೆಲವು ಕಡೆ ಸ್ಥಳೀಯ ತೆರಿಗೆ ಕಟ್ಟುವವರಿಗೆಲ್ಲ ಮತ. ಲಂಡನ್ನಿನ ಪಕ್ಕದ ವೆಸ್ಟ್‌ಮಿನ್‌ಸ್ಟರಿನಲ್ಲಿ ಹೀಗೆ ಹತ್ತು ಸಾವಿರಕ್ಕೂ ಮೀರಿ ಮತದಾರರಿದ್ದರು. ಇನ್ನು ಕೆಲವು ಕಡೆ ಸ್ವಂತ ಒಲೆಯ ಮೇಲೆ ಗಡಿಗೆ ಇಟ್ಟು ಬೇಯಿಸಿಕೊಳ್ಳುವ ಪ್ರತಿ ಗಂಡಸಿಗೂ ಮತ. ಬಾತ್ ನಗರದಲ್ಲಿ ನಗರಸಭೆಯ ಮೂವತ್ತರಷ್ಟು ಸದಸ್ಯರಿಗೆ ಬಿಟ್ಟರೆ ಮತ್ತಾರಿಗೂ ಇಲ್ಲ. ಉತ್ತರದ ಪ್ರೆಸ್ಟನ್ನಿನಲ್ಲಿ ಊರಲ್ಲಿರುವ ಗಂಡಸರಿಗೆಲ್ಲ ಇತ್ತು. 1830ರಲ್ಲಿ ಆ ಊರು ಸುಧಾರಣಾವಾದಿ ಹೆನ್ರಿ ಹಂಟ್‌ನನ್ನು ಗೆಲ್ಲಿಸಿ ದೊಡ್ಡ ಮನೆತನದ ಅಭ್ಯರ್ಥಿಯನ್ನು ಸೋಲಿಸಿತು. ಹಳೆಯ ಕಾಲವೆಂದರೆ ಎಲ್ಲೆಲ್ಲೂ ಮತ ಕಡಿಮೆಯಿತ್ತು ಎಂದುಕೊಳ್ಳುವುದು ತಪ್ಪಾಗುತ್ತದೆ. ಹಕ್ಕು ಇತ್ತು, ಆದರೆ ಹುಟ್ಟಿದ ಊರಿನ ಅದೃಷ್ಟದಂತೆ ಇತ್ತು.

ಓಲ್ಡ್ ಸೇರಂನದು ಬರ್ಗೇಜ್ ಪದ್ಧತಿ. ಬರ್ಗೇಜ್ ಎಂದರೆ ಹಳೆಯ ಪಟ್ಟಣದೊಳಗೆ ಗುರುತು ಹಾಕಿದ ನಿವೇಶನ. ಅದನ್ನು ಹಿಡಿದವನಿಗೆ ಮತ. ಅವನು ಅಲ್ಲಿ ವಾಸವಿರಬೇಕಿಲ್ಲ, ನಿವೇಶನದ ಮೇಲೆ ಮನೆ ಇರಬೇಕೆಂದೂ ಇಲ್ಲ. ಮನೆ ಬಿದ್ದು ಉಳುಮೆಯ ನೆಲವಾದರೂ ಹಕ್ಕು ಆ ತುಂಡು ಭೂಮಿಗೆ ಅಂಟಿಕೊಂಡೇ ಇರುತ್ತಿತ್ತು. ಅದೇ ವಿಲ್ಟ್‌ಷೈರಿನ ಡೌನ್‌ಟನ್ನಿನಲ್ಲಿ ಇಂಥ ಒಂದು ನಿವೇಶನ ನೀರಿನ ಹರಿವಿನ ನಡುವೆಯೇ ಇತ್ತು.

ಎಲ್ಲ ನಿವೇಶನಗಳನ್ನೂ ಒಬ್ಬನೇ ಕೊಂಡರೆ? ಆಗ ಇಡೀ ಕ್ಷೇತ್ರ ಅವನ ಜೇಬಿನಲ್ಲಿ. ಚುನಾವಣೆ ಹತ್ತಿರ ಬಂದಾಗ ಒಂದೊಂದು ನಿವೇಶನವನ್ನು ನಂಬಿಕೆಯ ಒಬ್ಬೊಬ್ಬನ ಹೆಸರಿಗೆ ತಾತ್ಕಾಲಿಕವಾಗಿ ಬರೆದುಕೊಟ್ಟರೆ ಮತದಾರರು ಸಿದ್ಧ. ಮುಗಿದ ಮೇಲೆ ಪತ್ರ ವಾಪಸ್. ಓಲ್ಡ್ ಸೇರಂನ ಕೊನೆಯ ವರ್ಷಗಳಲ್ಲಿ ಮತದಾರರ ಸಂಖ್ಯೆ ಹತ್ತರ ಆಸುಪಾಸು. ಅವರೆಲ್ಲರ ವಾಸ ಬೇರೆ ಕಡೆ. ಮತದಾನ ಗುಟ್ಟಿನದೂ ಆಗಿರಲಿಲ್ಲ. ಯಾರಿಗೆ ಮತ ಎಂಬುದನ್ನು ಬಾಯಿಬಿಟ್ಟು ಹೇಳಬೇಕಿತ್ತು.

ಮತದ ಹಕ್ಕಿನ ಬಗ್ಗೆ ತಕರಾರು ಎದ್ದರೆ ತೀರ್ಪು ಕೊಡುತ್ತಿದ್ದುದು ಕೋರ್ಟಲ್ಲ, ಪಾರ್ಲಿಮೆಂಟಿನ ಕೆಳಮನೆಯಾದ ಕಾಮನ್ಸ್ ಸಭೆಯೇ. ಬಹುಮತವಿದ್ದ ಪಕ್ಷ ತನಗೆ ಬೇಕಾದವನ ಕಡೆ ತೀರ್ಪು ಹೇಳುತ್ತಿತ್ತು. 1729ರ ಕಾನೂನೊಂದು, ಯಾವುದೇ ಬರೋದ ಹಕ್ಕಿನ ಬಗ್ಗೆ ಸಭೆ ಕೊನೆಯ ಬಾರಿ ಕೊಟ್ಟ ತೀರ್ಮಾನವೇ ಅಂತಿಮ ಎಂದಿತು. ಲಂಚ, ಗೊಂದಲ ತಡೆಯಲು ತಂದ ಈ ಕಾನೂನಿನಿಂದ ಹಳೆಯ ಅನ್ಯಾಯಗಳಿಗೆ ಶಾಸನದ ಬೀಗ ಬಿತ್ತು.

ಕೃಷ್ಣಾ ತೀರದ ವಜ್ರ

ಓಲ್ಡ್ ಸೇರಂ ಅನ್ನು ಕೊಂಡವನು ನಮ್ಮ ಕಡೆಯ ಸಮುದ್ರವನ್ನು ಚೆನ್ನಾಗಿ ಬಲ್ಲವನು. ಥಾಮಸ್ ಪಿಟ್ ಈಸ್ಟ್ ಇಂಡಿಯಾ ಕಂಪನಿಯ ಅಪ್ಪಣೆಯಿಲ್ಲದೆ ಭಾರತದೊಡನೆ ವ್ಯಾಪಾರಕ್ಕಿಳಿದು ದುಡ್ಡು ಮಾಡಿದ. ಕಂಪನಿ ಅವನ ಮೇಲೆ ದಂಡ ಹಾಕಿಸಿತು. ವ್ಯಾಪಾರದಲ್ಲಿ ಗಳಿಸಿದ ಹಣದಿಂದ ಅವನು ಊರಿಗೆ ಮರಳಿ ಓಲ್ಡ್ ಸೇರಂ ಒಳಗೊಂಡ ಜಹಗೀರನ್ನು ಕೊಂಡ. ಅಲ್ಲಿಂದಲೇ ಸಂಸದನೂ ಆದ. ತಡೆಯಲಾಗದವನನ್ನು ಕೊನೆಗೆ ಕಂಪನಿ ತನ್ನವನನ್ನಾಗಿ ಮಾಡಿಕೊಂಡು 1698ರಲ್ಲಿ ಮದರಾಸಿನ ಸೇಂಟ್ ಜಾರ್ಜ್ ಕೋಟೆಗೆ ಗವರ್ನರನನ್ನಾಗಿ ಕಳಿಸಿತು.

ಮದರಾಸಿನಲ್ಲಿ ಅವನ ಕಣ್ಣು ಬಿದ್ದದ್ದು ಗೋಲ್ಕೊಂಡ ಸೀಮೆಯ ಕೊಲ್ಲೂರು ಗಣಿಯ ಒಂದು ಕಚ್ಚಾ ವಜ್ರದ ಮೇಲೆ. ತೂಕ 410 ಕ್ಯಾರೆಟ್. ಜಾಮ್‌ಚಂದ್ ಎಂಬ ವ್ಯಾಪಾರಿಯಿಂದ 48,000 ವರಹಗಳಿಗೆ ಕೊಂಡು ಲಂಡನ್ನಿಗೆ ಕಳಿಸಿದ. ಕತ್ತರಿಸಿ ಹೊಳಪು ಕೊಟ್ಟ ಮೇಲೆ ಉಳಿದದ್ದು ಸುಮಾರು 140 ಕ್ಯಾರೆಟ್. 1717ರಲ್ಲಿ ಫ್ರಾನ್ಸಿನ ರಾಜಪ್ರತಿನಿಧಿ ಅದನ್ನು 1,35,000 ಪೌಂಡಿಗೆ ಕೊಂಡ. ರೀಜೆಂಟ್ ಎಂಬ ಹೆಸರಿನಲ್ಲಿ ಇಂದಿಗೂ ಅದು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಕೃಷ್ಣೆಯ ದಂಡೆಯಲ್ಲಿ ಅಗೆದ ಕಲ್ಲು ಹೀಗೆ ಪಿಟ್ ಮನೆತನವನ್ನು ಇಂಗ್ಲೆಂಡಿನ ದೊಡ್ಡ ಮನೆತನಗಳ ಸಾಲಿಗೆ ಏರಿಸಿತು.

ಥಾಮಸನ ಮೊಮ್ಮಗ ವಿಲಿಯಂ ಪಿಟ್ 1735ರಲ್ಲಿ ಇದೇ ಓಲ್ಡ್ ಸೇರಂನಿಂದ ಮೊದಲ ಬಾರಿ ಸಭೆಗೆ ಹೋದ. ಮುಂದೆ ಫ್ರೆಂಚರ ಮೇಲಿನ ಏಳು ವರ್ಷಗಳ ಯುದ್ಧವನ್ನು ನಡೆಸಿ, ಚಾಥಮ್ ಅರ್ಲ್ ಆಗಿ, ಬ್ರಿಟನ್ನಿನ ಪ್ರಧಾನಿಯೂ ಆದ. 1766ರಲ್ಲಿ ಅದೇ ಮನುಷ್ಯ ಇಂಥ ಬರೋಗಳನ್ನು ಸಂವಿಧಾನದ ಕೊಳೆತ ಭಾಗವೆಂದು ಕರೆದು, ಇವು ಶತಮಾನ ದಾಟಿ ಬಾಳಲಾರವು ಎಂದ. ಹಾಗೆಂದು ಅವನ ಮನೆತನ ಓಲ್ಡ್ ಸೇರಂ ಅನ್ನು ಬಿಟ್ಟುಕೊಡಲಿಲ್ಲ. 1801ರಲ್ಲಿ ಪಿಟ್ ವಂಶದ ಲಾರ್ಡ್ ಕ್ಯಾಮೆಲ್‌ಫರ್ಡ್, ಸರ್ಕಾರದ ಕಣ್ಣಿಗೆ ಮುಳ್ಳಾಗಿದ್ದ ಜಾನ್ ಹಾರ್ನ್ ಟುಕ್‌ನನ್ನು ಅಲ್ಲಿಂದ ಕಳಿಸಿದ. ಟುಕ್ ಪಾದ್ರಿ ದೀಕ್ಷೆ ಪಡೆದವನು. ಅವನ ಕಾರಣಕ್ಕೇ ಪಾದ್ರಿಗಳು ಕಾಮನ್ಸಿಗೆ ಬರಕೂಡದೆಂದು ಕಾನೂನಾಯಿತು. 1802ರಲ್ಲಿ ಓಲ್ಡ್ ಸೇರಂ 60,000 ಪೌಂಡಿಗೆ ಮಾರಾಟವಾಯಿತು. ಜಮೀನಿನ ವರ್ಷದ ಹುಟ್ಟುವಳಿ 700 ಪೌಂಡ್ ದಾಟುತ್ತಿರಲಿಲ್ಲ. ಉಳಿದ ಬೆಲೆಯೆಲ್ಲ ಆ ಎರಡು ಸ್ಥಾನಗಳದ್ದು. ಕೊಂಡ ಕ್ಯಾಲೆಡನ್ ಮನೆತನದ ಸಂಪತ್ತೂ ಭಾರತದಲ್ಲಿ ಕಂಪನಿಯ ಚಾಕರಿಯಿಂದ ಬಂದದ್ದೇ.

ಆರ್ಕಾಟಿನ ಸಾಲ, ಲಂಡನ್ನಿನ ಸ್ಥಾನ

ಇದು ಒಂದು ಮನೆತನದ ಮಾತಾಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಮಾರಾಟಕ್ಕಿದ್ದ ಬರೋಗಳು ಭಾರತದಿಂದ ಹಣ ಹೊತ್ತು ಬಂದವರಿಗೆ ಪಾರ್ಲಿಮೆಂಟಿನ ಬಾಗಿಲಾದವು. ಆರ್ಕಾಟಿನ ನವಾಬನಿಗೆ ವಿಪರೀತ ಬಡ್ಡಿಗೆ ಸಾಲ ಕೊಟ್ಟು ಕೊಬ್ಬಿದ ಮದರಾಸಿನ ಪಾಲ್ ಬೆನ್‌ಫೀಲ್ಡ್ 1780ರಲ್ಲಿ ವಿಲ್ಟ್‌ಷೈರಿನ ಕ್ರಿಕ್ಲೇಡಿನಿಂದ ಆಯ್ಕೆಯಾದ. ತನ್ನನ್ನೂ ಸೇರಿಸಿ ಅವನು ಎಂಟು ಸಂಸದರನ್ನು ತಯಾರಿಸಿದ್ದಾನೆಂದು ಸಂಸದ ಎಡ್ಮಂಡ್ ಬರ್ಕ್ 1785ರ ಫೆಬ್ರುವರಿಯಲ್ಲಿ ಸಭೆಯಲ್ಲೇ ಆರೋಪಿಸಿದ.

ಬರ್ಕನ ಆ ಭಾಷಣ ನಮ್ಮವರು ಓದಬೇಕಾದದ್ದು. 1780ರಲ್ಲಿ ಹೈದರಾಲಿ ಆರ್ಕಾಟಿನ ನವಾಬನ ಸೀಮೆಯಾದ ಕರ್ನಾಟಿಕ್ ಬಯಲಿಗೆ ಇಳಿದು ಬಂದದ್ದನ್ನೂ ಆ ನಾಡು ಬೆಂಕಿಗೂ ಬರಕ್ಕೂ ಸಿಕ್ಕಿದ್ದನ್ನೂ ಅದರಲ್ಲಿ ವಿವರವಾಗಿ ವರ್ಣಿಸಿದ್ದಾನೆ. ಯುದ್ಧದಿಂದ ಹಾಳಾದ ಅದೇ ನೆಲದ ಕಂದಾಯದಿಂದ ನವಾಬನಿಗೆ ಸಾಲ ಕೊಟ್ಟವರಿಗೆ ಹಣ ಕೊಡಿಸಲು ಸರ್ಕಾರ ಹೊರಟಿತ್ತು; ಸಾಲ ನಿಜವೋ ಸುಳ್ಳೋ ಎಂಬ ತನಿಖೆಯೂ ಇಲ್ಲದೆ. ಆ ಸರ್ಕಾರದ ಪ್ರಧಾನಿ ಚಾಥಮ್‌ನ ಮಗ, ಕಿರಿಯ ವಿಲಿಯಂ ಪಿಟ್. ಬರ್ಕನ ಪ್ರಕಾರ ಅದು ಚುನಾವಣೆಯಲ್ಲಿ ಸಿಕ್ಕ ನೆರವಿನ ಋಣ. ವಿಲ್ಟ್‌ಷೈರಿನಲ್ಲಿ ಖರೀದಿಯಾದ ಸ್ಥಾನದ ಬೆಲೆಯನ್ನು ಕೊನೆಗೆ ತೆತ್ತವನು ತಮಿಳು ಸೀಮೆಯ ರೈತ. ಈ ಕೊಂಡಿಯನ್ನು ಬಿಟ್ಟು ಕೊಳೆತ ಬರೋಗಳನ್ನು ಇಂಗ್ಲೆಂಡಿನ ಒಳಮನೆಯ ವಿಚಾರವೆಂದು ಓದಿದರೆ ಅರ್ಧವನ್ನಷ್ಟೇ ಓದಿದಂತೆ.

ಕ್ರಿಕ್ಲೇಡಿನ ಮಟ್ಟಿಗೆ ಒಂದು ಮದ್ದು ಸಿಕ್ಕಿತು. ಅಲ್ಲಿನ ಲಂಚಗುಳಿತನ ಮಿತಿಮೀರಿದಾಗ ಪಾರ್ಲಿಮೆಂಟು 1782ರಲ್ಲಿ ಕ್ಷೇತ್ರವನ್ನು ರದ್ದು ಮಾಡದೆ ಗಡಿಯನ್ನೇ ಹಿಗ್ಗಿಸಿ, ಸುತ್ತಲಿನ ಹಳ್ಳಿಗಾಡಿನ ಸಣ್ಣ ಭೂಮಾಲೀಕರಿಗೂ ಮತ ಕೊಟ್ಟಿತು. ಇದಕ್ಕೆ ಮೊದಲು 1771ರಲ್ಲಿ ನ್ಯೂ ಷೋರ್‌ಹ್ಯಾಮಿನಲ್ಲೂ ಹೀಗೆ ಮಾಡಿದ್ದರು. ಅಲ್ಲಿನ ಮತದಾರರು ಧರ್ಮಸಂಘದ ಹೆಸರಿಟ್ಟುಕೊಂಡು ಸ್ಥಾನವನ್ನು ಹರಾಜು ಹಾಕುತ್ತಿದ್ದರು. ಕೊಂಡುಕೊಳ್ಳಲಾಗದಷ್ಟು ಮಂದಿಯನ್ನು ಕ್ಷೇತ್ರದೊಳಗೆ ತರುವುದೇ ಈ ಮದ್ದಿನ ಗುಟ್ಟು. ಓಲ್ಡ್ ಸೇರಂನಲ್ಲಿ ಅಂಥ ಹಗರಣವೇ ಹೊರಬೀಳಲಿಲ್ಲ. ಲಂಚ ಪಡೆಯಲು ಅಲ್ಲಿ ಜನರೇ ಇರಲಿಲ್ಲವಲ್ಲ.

ಸಮರ್ಥಿಸಿದವರ ಮಾತು

ಸಮರ್ಥಕರು ದಡ್ಡರಾಗಿರಲಿಲ್ಲ. ಮ್ಯಾಂಚೆಸ್ಟರಿಗೆ ಸಂಸದನಿಲ್ಲದಿದ್ದರೂ ಇತರ ಊರುಗಳಿಂದ ಬಂದ ವರ್ತಕರು ಅದರ ಹಿತವನ್ನೂ ಕಾಯುತ್ತಾರೆ ಎನ್ನುವುದು ಅವರ ಮೊದಲ ವಾದ. ಎರಡನೆಯದು ಇನ್ನೂ ಗಟ್ಟಿ: ಆಸ್ತಿಯಿಲ್ಲದ ಪ್ರತಿಭಾವಂತ ತರುಣರು ಸಭೆಗೆ ಬರಲು ಇಂಥ ಬರೋಗಳೇ ದಾರಿ. ಬರ್ಕ್ ಬಂದದ್ದು ಒಬ್ಬ ಶ್ರೀಮಂತನ ಕೈಯಲ್ಲಿದ್ದ ವೆಂಡೋವರಿನಿಂದ, ಕಿರಿಯ ಪಿಟ್ ಬಂದದ್ದು ಇನ್ನೊಬ್ಬನ ಹಿಡಿತದ ಆ್ಯಪಲ್‌ಬಿಯಿಂದ. ನಿಜವೇ. ಆದರೆ ಆ ಬಾಗಿಲಿನ ಬೀಗದ ಕೈ ಯಾರ ಸೊಂಟದಲ್ಲಿತ್ತು ಎಂಬ ಪ್ರಶ್ನೆಗೆ ಈ ವಾದದಲ್ಲಿ ಉತ್ತರವಿಲ್ಲ. ಮಾಲೀಕ ಬೇಡವೆಂದರೆ ಮುಂದಿನ ಚುನಾವಣೆಗೆ ಪ್ರತಿಭೆಯೂ ಹೊರಗೆ.

ಕಿರಿಯ ಪಿಟ್ 1785ರ ಏಪ್ರಿಲ್‌ನಲ್ಲಿ, ಆರ್ಕಾಟಿನ ಸಾಲದ ಗದ್ದಲ ನಡೆದ ಎರಡೇ ತಿಂಗಳಿಗೆ, ಒಂದು ಮಸೂದೆ ತಂದ: 36 ಬರೋಗಳ ಮಾಲೀಕರಿಗೆ ಪರಿಹಾರ ಕೊಟ್ಟು ಅವುಗಳ ಸ್ಥಾನಗಳನ್ನು ಬೇರೆಡೆ ಹಂಚುವುದು. 248ಕ್ಕೆ 174 ಮತಗಳಿಂದ ಅದು ಬಿತ್ತು. ಮತದ ಹಕ್ಕು ಮಾಲೀಕನ ಆಸ್ತಿ, ಕಿತ್ತುಕೊಂಡರೆ ಬೆಲೆ ಕಟ್ಟಿಕೊಡಬೇಕು ಎಂಬ ನಂಬಿಕೆ ಸುಧಾರಕನ ತಲೆಯೊಳಗೂ ಎಷ್ಟು ಬೇರೂರಿತ್ತು ನೋಡಿ. ಮುಂದೆ 1800ರಲ್ಲಿ ಐರ್ಲೆಂಡಿನ ಪಾರ್ಲಿಮೆಂಟನ್ನು ಮುಚ್ಚುವಾಗ ರದ್ದಾದ ಪ್ರತಿ ಬರೋಗೆ 15,000 ಪೌಂಡಿನಂತೆ ಪರಿಹಾರ ಕೊಟ್ಟೇಬಿಟ್ಟರು.

1832ರ ಗೆರೆ

ಅಷ್ಟು ಹೊತ್ತಿಗೆ ಗಿರಣಿ ಊರುಗಳ ತಾಳ್ಮೆ ಕೆಟ್ಟಿತ್ತು. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಪ್ರಾತಿನಿಧ್ಯ ಕೇಳಲು ಸೇರಿದ್ದ ಸುಮಾರು 60,000 ಜನರ ಮೇಲೆ ಕುದುರೆ ದಂಡು ಕತ್ತಿ ಹಿರಿದು ನುಗ್ಗಿತು. ಕನಿಷ್ಠ 15 ಮಂದಿ ಸತ್ತರು, ನೂರಾರು ಜನ ಗಾಯಗೊಂಡರು. ಹೆಂಗಸರು, ಮಕ್ಕಳು ಅವರಲ್ಲಿದ್ದರು.

1830ರ ನವೆಂಬರ್‌ನಲ್ಲಿ ಪ್ರಧಾನಿಯಾಗಿದ್ದವನು ವೆಲಿಂಗ್ಟನ್ ಡ್ಯೂಕ್. ಕನ್ನಡಿಗರಿಗೆ ಅವನು ಆರ್ಥರ್ ವೆಲ್ಲೆಸ್ಲಿ. 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಆಡಳಿತ ವಹಿಸಿಕೊಂಡು ದರಿಯಾ ದೌಲತ್ತಿನಲ್ಲಿ ವಾಸವಿದ್ದವನು, ಮರುವರ್ಷ ಬಂಡಾಯಗಾರ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಮುಗಿಸಿದವನು. ಇರುವ ಚುನಾವಣಾ ವ್ಯವಸ್ಥೆಗಿಂತ ಉತ್ತಮವಾದದ್ದನ್ನು ತಾನು ಊಹಿಸಲಾರೆ ಎಂಬರ್ಥದ ಮಾತನ್ನು ಅವನು ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ ಆಡಿದ. ಎರಡು ವಾರದೊಳಗೆ ಅವನ ಸರ್ಕಾರ ಉರುಳಿತು.

ಮುಂದಿನ ಸರ್ಕಾರದ ಪರವಾಗಿ ಲಾರ್ಡ್ ಜಾನ್ ರಸಲ್ 1831ರ ಮಾರ್ಚ್ 1ರಂದು ಸುಧಾರಣಾ ಮಸೂದೆ ಮಂಡಿಸಿದ. ಎರಡನೆಯ ವಾಚನ ಗೆದ್ದದ್ದು 302ಕ್ಕೆ 301ರಿಂದ, ಒಂದೇ ಮತದ ಅಂತರ. ಅಕ್ಟೋಬರ್‌ನಲ್ಲಿ ಮರಳಿ ತಂದ ಮಸೂದೆಯನ್ನು ಲಾರ್ಡ್ಸ್ ಸಭೆ ತಿರಸ್ಕರಿಸಿದಾಗ ನಾಟಿಂಗ್‌ಹ್ಯಾಮಿನ ಕೋಟೆಗೆ ಬೆಂಕಿ ಬಿತ್ತು, ಬ್ರಿಸ್ಟಲ್ ದಿನಗಟ್ಟಲೆ ಉರಿಯಿತು. ಮೂರನೆಯ ಯತ್ನ ಗೆದ್ದು 1832ರ ಜೂನ್ 7ರಂದು ಕಾಯ್ದೆಗೆ ದೊರೆಯ ಅಂಕಿತ ಬಿತ್ತು. 56 ಬರೋಗಳು ಪ್ರಾತಿನಿಧ್ಯವನ್ನು ಪೂರ್ತಿ ಕಳೆದುಕೊಂಡವು, ಓಲ್ಡ್ ಸೇರಂ ಸೇರಿ. ಈ ಬಾರಿ ಮಾಲೀಕರಿಗೆ ಬಿಡಿಗಾಸಿನ ಪರಿಹಾರವೂ ಇಲ್ಲ. ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್, ಲೀಡ್ಸ್, ಷೆಫೀಲ್ಡ್‌ಗಳಿಗೆ ಕೊನೆಗೂ ಸ್ಥಾನ ಸಿಕ್ಕಿತು.

ಆದರೆ ಮ್ಯಾಂಚೆಸ್ಟರಿನ ಮೈದಾನದಲ್ಲಿ ಕತ್ತಿಯೇಟು ತಿಂದವರಲ್ಲಿ ಹೆಚ್ಚಿನವರಿಗೆ ಇದರಿಂದ ಏನೂ ಬರಲಿಲ್ಲ. ಬರೋಗಳಲ್ಲಿ ವರ್ಷಕ್ಕೆ 10 ಪೌಂಡ್ ಬಾಡಿಗೆ ಬೆಲೆಯ ಮನೆ ಹಿಡಿದವನಿಗೆ ಮಾತ್ರ ಮತ. ಇಂಗ್ಲೆಂಡಿನ ವಯಸ್ಕ ಗಂಡಸರಲ್ಲಿ ಸುಮಾರು ಐವರಿಗೆ ಒಬ್ಬನಂತೆ ಮತದಾರ. ಪ್ರೆಸ್ಟನ್ನಿನಂಥ ಊರಿನ ಬಡವರ ಹಳೆಯ ಹಕ್ಕು ಇನ್ನು ಮುಂದೆ ಹೊಸಬರಿಗೆ ಇಲ್ಲವಾಯಿತು. ಮತದಾರನೆಂದರೆ ಗಂಡಸು ಎಂದು ಶಾಸನದಲ್ಲೇ ಬರೆದದ್ದೂ ಇದೇ ಮೊದಲು. ಹೆಂಗಸರನ್ನು ಹೊರಗಿಡಲು ಅಲ್ಲಿಯವರೆಗೆ ರೂಢಿಯೇ ಸಾಕಾಗಿತ್ತು. ಗುಪ್ತ ಮತದಾನ ಬರಲು 1872 ಆಗಬೇಕಾಯಿತು, ಹೆಣ್ಣಿಗೂ ಗಂಡಿಗೂ ಒಂದೇ ನಿಯಮ ಬರಲು 1928.

ಈಗ ಗಡಿ ಎಳೆಯುವವರು

ಇಂದು ಓಲ್ಡ್ ಸೇರಂ ದಿಬ್ಬವೂ ಸಾಲ್ಸ್‌ಬರಿ ನಗರವೂ ಒಂದೇ ಕ್ಷೇತ್ರದಲ್ಲಿವೆ, ಸಂಸದ ಒಬ್ಬನೇ. ಗಡಿ ಎಳೆಯುವ ಕೆಲಸ 1944ರಿಂದ ಕಾಯಂ ಗಡಿ ಆಯೋಗಗಳದ್ದು. 2024ರ ಚುನಾವಣೆಗೆ ಬಳಕೆಯಾದ ನಕ್ಷೆಯಲ್ಲಿ 650 ಕ್ಷೇತ್ರಗಳಿವೆ. ವಿನಾಯಿತಿ ಪಡೆದ ಐದು ದ್ವೀಪ ಕ್ಷೇತ್ರಗಳನ್ನು ಬಿಟ್ಟರೆ ಪ್ರತಿ ಕ್ಷೇತ್ರದ ಮತದಾರರ ಸಂಖ್ಯೆ 69,724ರಿಂದ 77,062ರೊಳಗೆ ಇರಬೇಕೆಂಬುದು ನಿಯಮ. ವಿರಳ ವಸತಿಯ ತೀರ ದೊಡ್ಡ ಕ್ಷೇತ್ರಗಳಿಗೆ ಮಾತ್ರ ಸ್ವಲ್ಪ ಸಡಿಲಿಕೆಗೆ ಅವಕಾಶವಿದೆ.

ಈ ಲೆಕ್ಕಕ್ಕೆ ಹಿಡಿದದ್ದು 2020ರ ಮಾರ್ಚ್ 2ರ ಮತದಾರರ ಪಟ್ಟಿ, ಜನಗಣತಿಯ ಸಂಖ್ಯೆಯಲ್ಲ. ಪದೇ ಪದೇ ಮನೆ ಬದಲಿಸುವ ಬಾಡಿಗೆದಾರರು, ವಿದ್ಯಾರ್ಥಿಗಳು, ಹೊಸದಾಗಿ ವಯಸ್ಸಿಗೆ ಬಂದವರು ಪಟ್ಟಿಯಿಂದ ಹೊರಗುಳಿಯುವುದು ಹೆಚ್ಚು. ಅಂಥವರು ತುಂಬಿರುವ ನಗರದ ಓಣಿಗಳಿಗೆ ಅಷ್ಟರಮಟ್ಟಿಗೆ ಸ್ಥಾನ ಕಡಿಮೆ. ಹೆಸರು ನೋಂದಾಯಿಸಿದವರನ್ನು ಎಣಿಸಬೇಕೋ, ವಾಸವಿರುವವರನ್ನೆಲ್ಲ ಎಣಿಸಬೇಕೋ ಎಂಬ ವಾದ ಬ್ರಿಟನ್ನಿನಲ್ಲಿ ಪ್ರತಿ ಮರುವಿಂಗಡಣೆಯ ಹೊತ್ತಿಗೂ ಏಳುತ್ತದೆ. ವಾಸವಿರುವವರನ್ನೇ ಎಣಿಸಬೇಕು ಎನ್ನುವವರ ಪಕ್ಷ ನನ್ನದು.